ರಿಪೋರ್ಟಲ್ಲಿರೋ ತೋಟ ಆ ಸರ್ವೆ ನಂಬರಿಂದೇನಾ? ಅಡ್ವಾನ್ಸಿಗೆ ಮುಂಚೆ ಅದನ್ನ ನೋಡಿ

ಮಾರಾಯ್ರೆ, ಅಡ್ವಾನ್ಸ್ ನಿಲ್ಸಿ. ನೀವು ಗ್ರೂಪಲ್ಲಿ 'ಸಿದ್ದಾಪುರದ ಕಡೆ ಎರಡು ಎಕರೆ ಅಡಿಕೆ ತೋಟ ನೋಡಿದೀನಿ, ಏಜೆಂಟ್ ಬ್ಯಾಂಕಿನ ವ್ಯಾಲ್ಯುಯೇಶನ್ ರಿಪೋರ್ಟು, ಪಹಣಿ (ಜಮೀನಿನ ಹಕ್ಕು, ಬೆಳೆಯ ದಾಖಲೆ), ಇಸಿ (ಆ ಜಾಗದ ನೋಂದಾಯಿತ ಮಾರಾಟ, ಸಾಲದ ಪಟ್ಟಿ) ಎಲ್ಲ ವಾಟ್ಸಾಪಲ್ಲಿ ಕಳ್ಸಿದಾನೆ, ಬ್ಯಾಂಕೇ ಒಪ್ಪಿದ ರೇಟು' ಅಂತ ಬರ್ದಿದೀರಿ. ಕೆಳಗೆ ಎಲ್ರೂ ಹೂಗುಚ್ಛ ಹಾಕಿದಾರೆ, ಒಬ್ರೂ ಸರ್ವೆ ನಂಬರ್ ಹಾಕಿ ನೋಡಿ ಅನ್ಲಿಲ್ಲ. ಇದೇ ಮಾತು ನಂಬಿ ಅಡ್ವಾನ್ಸ್ ಕೊಟ್ಟು ಕೈ ಸುಟ್ಕೊಂಡವ ನಾನು, ಅದಕ್ಕೇ ಉದ್ದ ಬರೀತಿದೀನಿ.

ನಂಗೆ ಬಂದ ರಿಪೋರ್ಟು ನಕಲಿ ಅಲ್ಲ, ಅದನ್ನ ಮೊದ್ಲು ತಿಳ್ಕೊಳ್ಳಿ. ಮೌಲ್ಯಮಾಪಕರು ನಿಜವಾದವ್ರು, ಸಹಿ ಅವ್ರದ್ದೇ, ಸೀಲೂ ಅವ್ರದ್ದೇ. ಫೋಟೋದಲ್ಲಿದ್ದ ತೋಟ ಮಾತ್ರ ಬೇರೆಯವ್ರದ್ದು. ಏಜೆಂಟ್ ಅವ್ರನ್ನ ಕರ್ಕೊಂಡು ಹೋಗಿ ಕೆಳಗಿನ ಹಿಸ್ಸಾದ (ಒಂದೇ ಸರ್ವೆ ನಂಬರಿನ ಒಳಗಿನ ಪಾಲು) ಫಸಲು ಬರೋ ಬಾಗಾಯ್ತು ತೋರಿಸಿದ್ದ, ಪಹಣಿ ಕೊಟ್ಟಿದ್ದು ಮೇಲಿನ ಖುಷ್ಕಿ (ಒಣ ಜಮೀನು) ಹಿಸ್ಸಾದ್ದು. ಅಲ್ಲಿದ್ದದ್ದು ಅಕೇಶಿಯಾ, ಕರಡ, ನೀರಿಲ್ಲದ ಒಂದು ಬೋರು. ಮೌಲ್ಯಮಾಪಕರನ್ನ ಬೈದು ಉಪಯೋಗ ಇಲ್ಲ. ರಿಪೋರ್ಟಿನ ಕೊನೇ ಪುಟ ಓದಿ, ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ಬರ್ದಿರ್ತಾರೆ: ಗಡಿ ಮಾಲೀಕರು ತೋರಿಸಿದಂತೆ, ದಾಖಲೆಗಳ ಅಸಲಿಯತ್ತು ನಮ್ಮ ಜವಾಬ್ದಾರಿ ಅಲ್ಲ ಅಂತ. ಆ ರಿಪೋರ್ಟು ಬ್ಯಾಂಕಿನ ಹೆಸರಿಗೆ, ಸಾಲದ ಉದ್ದೇಶಕ್ಕೆ, ಒಂದು ತಾರೀಕಿಗೆ ಬರ್ದಿದ್ದು. ಕೊಳ್ಳೋ ನಿಮಗೆ ಬರ್ದಿದ್ದಲ್ಲ.

ಈಗ ನಾನು ಮಾಡೋದು ಹೇಳ್ತೀನಿ. ತೋಟಕ್ಕೆ ಹೋಗಿ ನಡುವೆ ನಿಂತು ದಿಶಾಂಕ್ ಆ್ಯಪ್ ತೆಗೀರಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸತ್ತೆ. ಒಂದೇ ಕಡೆ ನೋಡಿ ಬರ್ಬೇಡಿ, ನಾಲ್ಕು ಮೂಲೆಗೂ, ಬೋರಿನ ಹತ್ರಕ್ಕೂ, ಮನೆ ಇದ್ರೆ ಮನೆ ಅಂಗಳಕ್ಕೂ ಹೋಗಿ ನೋಡಿ. ದಟ್ಟ ತೋಟದೊಳಗೆ ಜಿಪಿಎಸ್ ಆಚೀಚೆ ಹೊಯ್ದಾಡತ್ತೆ, ಅಂಚಲ್ಲಿ ಪಕ್ಕದ ನಂಬರ್ ಬಂದ್ರೆ ಗಾಬರಿ ಬೇಡ, ಬಯಲಿಗೆ ಬಂದು ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ. ಹಿಸ್ಸಾ ಗಡಿ ಎಲ್ಲಾ ಕಡೆ ಸರಿಯಾಗಿ ಸಿಗಲ್ಲ, ಮೋಸ ನಡಿಯೋದೂ ಹೆಚ್ಚಾಗಿ ಹಿಸ್ಸಾದಲ್ಲೇ. ಹಾಗಾಗಿ ದಿಶಾಂಕ್ ಸರಿ ಹೇಳ್ತು ಅಂದ ಮಾತ್ರಕ್ಕೆ ಮುಗೀಲಿಲ್ಲ, ತಪ್ಪು ಹೇಳ್ತು ಅಂದ್ರೆ ಅಲ್ಲಿಗೇ ನಿಲ್ಸಿ. ಹಿಸ್ಸಾಕ್ಕೆ ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಆಗಿದ್ಯಾ ಕೇಳಿ. ಆಗಿದ್ರೆ ನಕ್ಷೆ ತೆಗ್ಸಿ, ಹದ್ದುಬಸ್ತಿಗೆ (ಸರ್ವೇಯರ್ ಬಂದು ಗಡಿ ಗುರುತು ಮಾಡೋದಕ್ಕೆ) ಅರ್ಜಿ ಹಾಕಿ. ಸರ್ವೇಯರ್ ಬರೋದು ತಡ ಆಗತ್ತೆ ಅಂತ ಏಜೆಂಟ್ ಅವಸರ ಮಾಡ್ತಾನೆ. ಮಾಡ್ಲಿ, ತೋಟ ಎಲ್ಲಿಗೂ ಓಡಿ ಹೋಗಲ್ಲ.

ಇನ್ನು ಫೋಟೋ ಮೇಲಿನ ಜಿಪಿಎಸ್ ಅಚ್ಚು. ರಿಪೋರ್ಟಲ್ಲಿ ಅಕ್ಷಾಂಶ ರೇಖಾಂಶ ಇದೆ ಅಂತ ಸಮಾಧಾನ ಪಡ್ಬೇಡಿ, ಕೆಲವು ಕ್ಯಾಮೆರಾ ಆ್ಯಪುಗಳಲ್ಲಿ ಜಾಗವನ್ನ ಕೈಯಿಂದಲೇ ಬದಲಾಯಿಸಬಹುದು. ಆ ಅಂಕಿನ ಗೂಗಲ್ ಅರ್ಥಲ್ಲಿ ಹಾಕಿ ನೋಡಿ. ಮೊಬೈಲಲ್ಲಿ ಬೇಡ, ಕಂಪ್ಯೂಟರಲ್ಲಿ ಗೂಗಲ್ ಅರ್ಥ್ ಪ್ರೊ ಹಾಕ್ಕೊಳ್ಳಿ, ಪುಕ್ಕಟೆ ಸಿಗತ್ತೆ. ಅದರಲ್ಲಿ ಹಳೇ ವರ್ಷಗಳ ಚಿತ್ರ ಹಿಂದಕ್ಕೆ ಸರಿಸಿ ನೋಡಬಹುದು, ನಂಗೆ ಅದರಷ್ಟು ಉಪಕಾರ ಮಾಡಿದ್ದು ಬೇರೆ ಯಾವುದೂ ಇಲ್ಲ. ಹನ್ನೆರಡು ವರ್ಷದ ತೋಟ ಅಂತ ರಿಪೋರ್ಟಲ್ಲಿದೆ ಅಂದ್ಕೊಳ್ಳಿ, ಐದಾರು ವರ್ಷದ ಹಿಂದಿನ ಚಿತ್ರದಲ್ಲಿ ಕೆಂಪು ಮಣ್ಣು ಕಂಡ್ರೆ ಕೇಳೋದೇನಿದೆ? ಮಳೆಗಾಲದ್ದು ನೋಡ್ಬೇಡಿ, ನಮ್ಮಲ್ಲಿ ಬರೀ ಮೋಡ. ಬೇಸಿಗೆದ್ದೇ ಹುಡುಕಿ. ಪಹಣಿಯ 12ನೇ ಕಾಲಂ ಬೆಳೆ ನಂಬಿ ವಯಸ್ಸು ಲೆಕ್ಕ ಹಾಕೋರಿದ್ದಾರೆ, ಅದೆಷ್ಟೋ ವರ್ಷ ಕೂತಲ್ಲೇ ತುಂಬಿದ ಕಾಲಂ ಅದು. ಬೆಳೆ ದರ್ಶಕ್ ಆ್ಯಪಲ್ಲಿ ಸಮೀಕ್ಷೆಯ ಬೆಳೆ ನೋಡಿ, ಅದು ಸ್ವಲ್ಪ ವಾಸಿ.

ವಿಸ್ತೀರ್ಣದ ವಿಷಯ ನಮ್ಮ ಸಿರಸಿ, ಸಿದ್ದಾಪುರ, ಸಾಗರದವ್ರಿಗೆ ಬೇರೆಯೇ ತಲೆನೋವು. ಸೊಪ್ಪಿನ ಬೆಟ್ಟ ಸರ್ಕಾರದ ಜಾಗ, ತೋಟದವ್ರಿಗೆ ಇರೋದು ಸೊಪ್ಪು ಸದೆ ತರೋ ಹಕ್ಕು. ಅದನ್ನೂ ಸೇರ್ಸಿ ರೇಟು ಕಟ್ಟಿದ ರಿಪೋರ್ಟ್ ನಾನು ಕಣ್ಣಾರೆ ನೋಡಿದೀನಿ. ಬಗರ್ ಹುಕುಂ (ಅನುಮತಿ ಇಲ್ದೆ ಸರ್ಕಾರಿ ಜಾಗ ಸಾಗುವಳಿ ಮಾಡಿದ) ಒತ್ತುವರಿಯೂ ಅಷ್ಟೇ, ಸಕ್ರಮ ಮಾಡಿ ಅಂತ ಫಾರಂ 57 ಅರ್ಜಿ ಹಾಕಿದ ಸ್ವೀಕೃತಿ ತೋರಿಸಿ ನಮ್ದೇ ಜಾಗ ಅಂತಾರೆ. ಅರ್ಜಿ ಅಂದ್ರೆ ಅರ್ಜಿ, ಹಕ್ಕಲ್ಲ. ಸರ್ಕಾರ ಮಂಜೂರು ಮಾಡಿದ ಜಮೀನಾದ್ರೆ ಸಾಗುವಳಿ ಚೀಟಿ (ಮಂಜೂರಿ ಪತ್ರ) ಕೇಳಿ, ಪರಭಾರೆ (ಮಾರಾಟ) ನಿಷೇಧದ ಷರತ್ತು ಓದಿ. ಮೂಲ ಮಂಜೂರಿದಾರರು ಪರಿಶಿಷ್ಟ ಜಾತಿ, ಪಂಗಡದವ್ರಾದ್ರೆ 1978ರ ಪಿಟಿಸಿಎಲ್ ಕಾಯ್ದೆ ಬರತ್ತೆ, ಸರ್ಕಾರದ ಅನುಮತಿ ಇಲ್ದೆ ಆದ ಮಾರಾಟ ಉಳಿಯಲ್ಲ. ಇಂಥದ್ದಕ್ಕೆ ಈ ಗ್ರೂಪಲ್ಲಿ ಕೇಳ್ಬೇಡಿ, ವಕೀಲರ ಫೀಸ್ ಕೊಡಿ. ಲಕ್ಷಗಟ್ಲೆ ಅಡ್ವಾನ್ಸ್ ಕೊಡೋಕೆ ತಯಾರಿರೋರು ವಕೀಲರ ಹತ್ರ ಚೌಕಾಸಿ ಮಾಡ್ತಾರೆ!

ದಾಖಲೆ ಏನೇ ಇರ್ಲಿ, ಏಜೆಂಟ್ ಕೊಟ್ಟ ಪಿಡಿಎಫ್ ಮುಟ್ಬೇಡಿ. ಪಿಡಿಎಫಲ್ಲಿ ಹೆಸ್ರು, ಎಕರೆ ತಿದ್ದೋಕೆ ಈಗ ಹೈಸ್ಕೂಲ್ ಹುಡುಗ್ರಿಗೂ ಬರತ್ತೆ. ಪಹಣಿ ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಲ್ಲಿ ನೋಡೋಕೆ ದುಡ್ಡೂ ಬೇಕಿಲ್ಲ. 9ನೇ ಕಾಲಮಲ್ಲಿ ಹೆಸ್ರು, 11ರಲ್ಲಿ ಸಾಲ, ಋಣ, ಕೋರ್ಟಿನ ತಡೆ. ಮ್ಯುಟೇಶನ್ (ಖಾತೆ ಬದಲಾವಣೆ) ಬಾಕಿ ಇದ್ಯಾ ಅದನ್ನೂ ಅಲ್ಲೇ ನೋಡಿ. ಇಸಿನ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ನೀವೇ ಅರ್ಜಿ ಹಾಕಿ ತೆಗೀರಿ. ಇಸಿ ನಾವು ಕೇಳಿದ್ದಕ್ಕಷ್ಟೇ ಉತ್ತರ ಕೊಡತ್ತೆ. ಹಿಸ್ಸಾ ನಂಬರ್ ತಪ್ಪಾಗಿ ಹಾಕಿದ್ರೆ ಫಾರಂ 16 ಅನ್ನೋ ಇಸಿಯಲ್ಲಿ ಚೊಕ್ಕವಾಗಿ ಏನೂ ಇಲ್ಲ ಅಂತ ಬರತ್ತೆ, ಬೇಕಂತಲೇ ಹಾಗೆ ತೆಗ್ದು ತೋರಿಸೋರೂ ಇದ್ದಾರೆ. ಹಳೇ ನಂಬರ್, ಪೋಡಿಗೆ ಮುಂಚಿನ ನಂಬರ್ ಎರಡೂ ಹಾಕಿ. ನೋಂದಣಿ ಆಗದ ಕರಾರು, ಮನೆ ಒಳಗಿನ ಬಾಯಿಮಾತಿನ ಪಾಲು ಅದ್ರಲ್ಲಿ ಬರಲ್ಲ. ಮೂಲ ಪತ್ರ ಬ್ಯಾಂಕಲ್ಲಿಟ್ಟು ತಗೊಂಡ ಸಾಲ ಕೆಲವೊಮ್ಮೆ ಸರ್ಸಾಯ್ (ಅಡವಿಟ್ಟ ಆಸ್ತಿಗಳ ಕೇಂದ್ರ ನೋಂದಣಿ) ವೆಬ್‌ಸೈಟಲ್ಲಿ ಮಾತ್ರ ಸಿಗತ್ತೆ, ಸಣ್ಣ ಶುಲ್ಕ ಕಟ್ಟಿ ಹುಡ್ಕಿ. ಸೊಸೈಟಿ ಸಾಲಕ್ಕೆ ಸೊಸೈಟಿಗೇ ಹೋಗಿ ವಿಚಾರ್ಸಿ.

ಮೌಲ್ಯಮಾಪಕರ ನೋಂದಣಿ ನಂಬರ್ ಐಬಿಬಿಐ (ಮೌಲ್ಯಮಾಪಕರನ್ನ ನೋಂದಾಯಿಸೋ ಕೇಂದ್ರ ಸಂಸ್ಥೆ) ವೆಬ್‌ಸೈಟಿನ ಪಟ್ಟೀಲಿ ಇದ್ಯಾ, ಇದ್ರೆ ಅವ್ರ ನೋಂದಣಿ ಜಮೀನು ಕಟ್ಟಡದ ವಿಭಾಗದಲ್ಲೇ ಇದ್ಯಾ ನೋಡಿ. ಇಲ್ಲ ಅಂದ್ರೆ ಕೂಡ್ಲೇ ಕಳ್ಳ ಅನ್ಬೇಡಿ, ಹಳೇ ಸಂಪತ್ತು ತೆರಿಗೆ ಕಾಯ್ದೆಯಡಿ ನೋಂದಾಯಿಸಿಕೊಂಡ ಹಿರಿಯರೂ ಬ್ಯಾಂಕ್ ಪ್ಯಾನೆಲಲ್ಲಿರ್ತಾರೆ. ರಿಪೋರ್ಟ್ ಮೇಲಿನ ಮೊಬೈಲಿಗೆ ಫೋನ್ ಮಾಡಿದ್ರೆ ಏಜೆಂಟಿನ ತಮ್ಮನೇ ಎತ್ತಬಹುದು. ಸಂಪರ್ಕದ ವಿವರ ಪಟ್ಟಿಯಿಂದ ತಗೊಂಡು ನೇರವಾಗಿ ಕೇಳಿ: ಯಾವ ತಾರೀಕಿಗೆ ಹೋಗಿದ್ರಿ, ಜಾಗ ತೋರಿಸಿದ್ದು ಯಾರು, ನೀವು ಬರ್ದ ಮೊತ್ತ ಇದೇನಾ? ಎಲ್ಲಾ ಹೇಳದೇ ಇರಬಹುದು, ಬ್ಯಾಂಕಿನ ಗುಟ್ಟು ಅಂತಾರೆ. ಅದು ನನ್ನ ರಿಪೋರ್ಟೇ ಅಲ್ಲ ಅಂದ್ರೆ ಅಷ್ಟೇ ಸಾಕಲ್ವಾ.

ಮಾರೋ ಮನುಷ್ಯ ಯಾರು ಅನ್ನೋದನ್ನೂ ಬಿಡ್ಬೇಡಿ. ನಮ್ಮ ಊರುಗಳಲ್ಲಿ ಒಂದೇ ಹೆಸ್ರಿನವ್ರು ಮನೆಗೊಬ್ರು, 'ಬಿನ್' ಆದ್ಮೇಲಿನ ಅಪ್ಪನ ಹೆಸ್ರೂ ಒಂದೇ ಇರೋದುಂಟು. ಆಧಾರ್ ಜೆರಾಕ್ಸ್ ನೋಡಿ ತಲೆ ಆಡಿಸ್ಬೇಡಿ, ಕಾರ್ಡಿನ ಕ್ಯೂಆರ್‌ನ ಆಧಾರಿನ ಅಧಿಕೃತ ಆ್ಯಪಲ್ಲಿ ಸ್ಕ್ಯಾನ್ ಮಾಡಿ. ಸಾದಾ ಸ್ಕ್ಯಾನರ್ ಬೇಡ. ಪಹಣಿಯ ಹೆಸ್ರಿನವ್ರು ತೀರಿಕೊಂಡು ಪೌತಿ ಖಾತೆ (ವಾರಸುದಾರರ ಹೆಸ್ರಿಗೆ ಖಾತೆ) ಆಗಿಲ್ಲ ಅಂದ್ರೆ ವಂಶವೃಕ್ಷ ಬರೋವರೆಗೆ ಬೆಲೆ ಮಾತೇ ಎತ್ಬೇಡಿ, ಹೆಣ್ಮಕ್ಕಳ ಸಹಿ ಬಿಟ್ಟ ಮಾರಾಟ ನಾಳೆ ಕೋರ್ಟಿಗೆ ಬರತ್ತೆ. ಜಿಪಿಎ (ಮಾಲೀಕರ ಪರವಾಗಿ ಮಾರೋ ಅಧಿಕಾರಪತ್ರ) ಇಟ್ಕೊಂಡು ಬಂದವ್ರಾದ್ರೆ ಕೊಟ್ಟವ್ರ ಜೊತೆ ವಿಡಿಯೋ ಕಾಲಲ್ಲಿ ಮಾತಾಡಿ.

ನೀವೂ ನಿಮ್ಮ ಆಧಾರ್ ಏಜೆಂಟಿಗೆ ಕಳ್ಸಿದೀರಿ ಅಂತ ಕಾಣತ್ತೆ. 2023ರಲ್ಲಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು ಖಾತೆಯಿಂದ ದುಡ್ಡು ತೆಗ್ದ ಕೇಸುಗಳು ಮರೆತೋಯ್ತಾ? ಹೆಬ್ಬೆಟ್ಟು ಬೇರೆಯವ್ರು ಬಳಸದ ಹಾಗೆ ಇವತ್ತೇ ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿ. ಮುಂದೆ ಕೊಡೋದಾದ್ರೆ ಮಾಸ್ಕ್ ಮಾಡಿದ (ಮೊದಲ ಅಂಕಿಗಳು ಮುಚ್ಚಿದ) ಆಧಾರ್ ಕೊಡಿ, ಮೇಲೆ ಅಡ್ಡಕ್ಕೆ ಯಾವ ಕೆಲ್ಸಕ್ಕೆ, ಯಾವ ತಾರೀಕು ಅಂತ ಬರೀರಿ.

ಅಡ್ವಾನ್ಸ್ ನಗದು ಅಂತೂ ಬೇಡವೇ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದು ತಗೊಳ್ಳೋದು ಆದಾಯ ತೆರಿಗೆ ಪ್ರಕಾರವೂ ತಪ್ಪು. ಪಹಣಿಯಲ್ಲಿ ಹೆಸ್ರಿರೋ ಮಾಲೀಕರ ಖಾತೆಗೇ ಹಾಕಿ, ಏಜೆಂಟಿನ ಖಾತೆಗಲ್ಲ.

ಸರ್ವೆ ನಂಬರ್ ಇಲ್ಲಿ ಹಾಕ್ಬೇಡಿ, ಗ್ರೂಪಲ್ಲಿ ಯಾರ್ಯಾರಿದ್ದಾರೋ. ಮೆಸೇಜ್ ಮಾಡಿ, ರಾತ್ರಿ ಗೂಗಲ್ ಅರ್ಥಲ್ಲಿ ನೋಡಿ ಹೇಳ್ತೀನಿ. ಇಸಿ ಕಾವೇರಿಯಲ್ಲಿ 2004ರ ಏಪ್ರಿಲ್ 1ರಿಂದ ಈಚಿನದ್ದು ಮಾತ್ರ ಸಿಗತ್ತೆ, ಅದಕ್ಕಿಂತ ಹಿಂದಿನದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗ್ಬೇಕು, ಹೋಗೋದಾದ್ರೆ ಹಳೇ ಕ್ರಯಪತ್ರದ ನಂಬರ್ ಬರ್ಕೊಂಡು ಹೋಗಿ.