ಯಾವುದನ್ನು ಮೊದಲು ಸರಿಪಡಿಸಲಿ?

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಬೆಳಿಗ್ಗೆ ಬಸ್ಸು ಹಿಡಿದು ಕಚೇರಿಗೆ ಹೋದರೆ ಮನೆ ಸೇರುವಾಗ ಕತ್ತಲೆ. ದೀಪ ಹಚ್ಚುವಾಗಲೂ ಕಣ್ಣು ಗಡಿಯಾರದ ಮೇಲೆ. ಯಜಮಾನರೊಡನೆ ಮಾತೆಂದರೆ ತೋಟದ ಕೆಲಸದವರ ಸಂಬಳ, ಮಗಳ ಹಾಸ್ಟೆಲ್ ಶುಲ್ಕ, ಅಷ್ಟೇ. ಅತ್ತೆ ಒಬ್ಬರೇ ಟಿವಿ ಮುಂದೆ. ದೇವರಿಗೂ ಸಮಯವಿಲ್ಲ, ಮನೆಯವರಿಗೂ ಇಲ್ಲ. ಯಾವುದನ್ನು ಮೊದಲು ಸರಿಪಡಿಸಲಿ?’

ಪ್ರೀತಿಯ ಸಹೋದರಿ,

ದೇವರದೊಂದು ಸಾಲ, ಮನೆಯವರದೊಂದು ಸಾಲ ಎಂದು ನೀವು ಬೇರೆ ಬೇರೆ ಎಣಿಸುತ್ತಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಒಬ್ಬರೇ ಬಾಗಿಲು ಹಾಕಿಕೊಂಡು ಮಾಡುವ ಭಕ್ತಿ ನಮ್ಮ ಕೊಡಗಿನಲ್ಲಿ ಕಡಿಮೆ.

ತುಲಾ ಸಂಕ್ರಮಣದ ಮರುದಿನದ ಕಣಿಪೂಜೆಯನ್ನೇ ನೋಡಿ. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಅಕ್ಕಿ ಹರಡಿದ ತಟ್ಟೆಯಲ್ಲಿಟ್ಟರೆ ಅದೇ ಕಾವೇರಮ್ಮೆ. ಪುರೋಹಿತರು ಬೇಕಿಲ್ಲ. ಮನೆಯ ಹಿರಿಯ ಹೆಣ್ಣು ಮೊದಲು ಅಕ್ಕಿ ಹಾಕಿ ಕೈಮುಗಿಯುತ್ತಾರೆ, ಅನಂತರ ಒಬ್ಬೊಬ್ಬರಾಗಿ ಎಲ್ಲರೂ. ಕಿರಿಯರು ಹಿರಿಯರ ಕಾಲಿಗೆರಗುತ್ತಾರೆ. ಆಮೇಲೆ ದೋಸೆ, ಕುಂಬಳಕಾಯಿ ಪಲ್ಯ. ಪೂಜೆ ಎಲ್ಲಿ ಮುಗಿಯಿತು, ಮನೆಯವರು ಕೂಡಿ ಕುಳಿತದ್ದು ಎಲ್ಲಿಂದ ಶುರುವಾಯಿತು, ಹೇಳಲಾದೀತೇ?

ಹಿರಿಯರಿಗೆ ಬಿಡುವಿತ್ತು, ಅದಕ್ಕೇ ಇದೆಲ್ಲ ನಡೆಯಿತು ಎನ್ನಬೇಡಿ. ಮಳೆಗಾಲವಿಡೀ ಗದ್ದೆಯ ಕೆಸರಿನಲ್ಲಿ ನಿಂತವರು ಅವರು. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಬಂದಿತೆಂದರೆ ಕೋವಿ, ಒಡಿಕತ್ತಿಗಳನ್ನು ತೊಳೆದು ಪೂಜೆಗಿಟ್ಟು, ಎತ್ತುಗಳಿಗೂ ನೇಗಿಲಿಗೂ ವಿಶ್ರಾಂತಿ ಕೊಡುತ್ತಿದ್ದರು. ದಿನವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರು. ಕಾಫಿ ಬಂದ ಮೇಲೆ ಆ ಲೆಕ್ಕ ತಪ್ಪಿತು. ಹೊಸ ಭತ್ತದ ಹಬ್ಬ ಹುತ್ತರಿ ಬರುವುದೇ ಅರೇಬಿಕಾ ಕಾಫಿಯ ಕೊಯ್ಲಿನ ನಡುವೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಅದರ ಬೆನ್ನಿಗೇ ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ. ನಮಗೆ ಅನ್ನ ಕೊಟ್ಟ ಬೆಳೆಯನ್ನು ನಾನು ದೂರಲಾರೆ. ಆದರೆ ತೋಟದ ಕೆಲಸಕ್ಕೆ ಮುಗಿಯುವುದು ಗೊತ್ತಿಲ್ಲ, ನಾವೇ ನಿಲ್ಲಿಸಬೇಕು.

ಬೆಳಗಿನ ಪೂಜೆಗೆ ಇನ್ನೊಂದು ಗಂಟೆ ಸೇರಿಸಲು ಹೋಗಬೇಡಿ. ನಿದ್ದೆಗೆಟ್ಟು ಹಿಡಿದ ನೇಮ ಹೆಚ್ಚು ದಿನ ನಡೆಯದು. ಸಂಜೆಯ ದೀಪವನ್ನು ಅತ್ತೆಯವರಿಗೇ ಒಪ್ಪಿಸಿ. ನೀವು ಬಂದು ಕೈಕಾಲು ತೊಳೆದ ಮೇಲೆ, ಯಜಮಾನರೂ ಕಣದಿಂದ ಬಂದ ಮೇಲೆ, ಅದು ಆರುವ ಮುನ್ನ ಮೂವರೂ ಅದರ ಮುಂದೆ ಕುಳಿತುಕೊಳ್ಳಿ. ಆ ಹೊತ್ತಿನಲ್ಲಿ ಟಿವಿ ಬೇಡ, ಸಂಬಳದ ಪುಸ್ತಕವೂ ಬೇಡ. ಅತ್ತೆಯವರು ತವರಿನ ಹುತ್ತರಿಯ ಕತೆ ಹೇಳಲಿ, ಎಷ್ಟು ಸಲ ಕೇಳಿದ್ದರೂ ಸರಿ. ಮಗಳಿಗೆ ಫೋನ್ ಮಾಡುವುದೂ ಆಗಲೇ ಇರಲಿ. ಶುಲ್ಕದ ಮಾತು ಬಿಟ್ಟು ಊಟ ಏನೆಂದು ಕೇಳಿ.

ಇನ್ನೊಂದನ್ನು ನಿಷ್ಠುರವಾಗಿಯೇ ಹೇಳುತ್ತೇನೆ. ಏಪ್ರಿಲ್, ಮೇ ಬಂದರೆ ನಮ್ಮಲ್ಲಿ ಒಂದೇ ಭಾನುವಾರ ಎರಡು ಮೂರು ಮದುವೆ. ಮಂಟಪದಿಂದ ಮಂಟಪಕ್ಕೆ ಓಡಿ ಮುಖ ತೋರಿಸಿ ಬರುವುದನ್ನೇ ನಂಟಸ್ತಿಕೆ ಎಂದುಕೊಂಡಿದ್ದೇವೆ. ತೀರಾ ಹತ್ತಿರದವರದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡಿ. ಬೇಸರಪಟ್ಟುಕೊಳ್ಳುವವರಿಗೆ ಒಂದು ಫೋನ್ ಮಾಡಿ ಹರಸಿದರೆ ಸಾಕು. ಹಾಗೆ ಉಳಿದ ಭಾನುವಾರ ಮಗಳನ್ನು ನೋಡಲು ಹೋಗಿ, ಇಲ್ಲವೇ ಅತ್ತೆಯವರನ್ನೂ ಕರೆದುಕೊಂಡು ಪಾಡಿಯ ಇಗ್ಗುತ್ತಪ್ಪನ ಸನ್ನಿಧಿಗೆ.

ಹುತ್ತರಿಯ ದಿನ ಗೊತ್ತಾಗುತ್ತಲೇ ಕಚೇರಿಯಲ್ಲಿ ರಜೆ ಬರೆದುಕೊಡಿ. ಅಂದು ಕೊಯ್ಲು ಇಲ್ಲವೆಂದು ಕೆಲಸದವರಿಗೂ ಆಗಲೇ ತಿಳಿಸಿಬಿಡಲು ಯಜಮಾನರಿಗೆ ಹೇಳಿ.

– ಸಂ.