ಗೆಣ್ಣಿನ ಮೇಲಿನ ಗಂಟು

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ದ್ವಿತೀಯ ಪಿಯುಸಿಯ ಮೇಘಾಳನ್ನು ತಾಯಿ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದದ್ದು "ಕಾಲೇಜಿಗೆ ಹೋಗೋಕೇ ಒಲ್ಲೆ ಅಂತಾಳೆ" ಎಂಬ ದೂರಿನೊಂದಿಗೆ. ಅವಳ ಬಲಗೈ ದುಪಟ್ಟಾದಡಿಯಿಂದ ಹೊರಗೆ ಬರಲೇ ಇಲ್ಲ. ತಾಯಿ ಆಚೆ ಹೋದ ಮೇಲೆ ತೋರಿಸಿದಳು: ತೋರುಬೆರಳು, ನಡುಬೆರಳುಗಳ ಮಧ್ಯದ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ಗಟ್ಟಿ ಉಬ್ಬು. ಒಂದರ ಸುತ್ತ ಸುಟ್ಟ ಕಲೆ. ನರಹುಲಿ ಇರಬೇಕೆಂದು ಅಜ್ಜಿ ಸುಣ್ಣ ಹಚ್ಚಿದ್ದರಂತೆ. ಲ್ಯಾಬಿನಲ್ಲಿ ಗೆಳತಿಯೊಬ್ಬಳು "ಇದು ಅಂಟತ್ತಾ?" ಎಂದು ಕೇಳಿದ ಮೇಲೆ ಪ್ರಾಕ್ಟಿಕಲ್ಸ್ ಬಿಟ್ಟಿದ್ದಳು.

ಮೊದಲು ಚರ್ಮವೈದ್ಯರ ಬಳಿ ಕಳಿಸಿದೆ. ಅವರು ಹೇಳಿದ್ದು 'ನಕಲ್ ಪ್ಯಾಡ್' (knuckle pad): ಗೆಣ್ಣಿನ ಮೇಲಿನ ಚರ್ಮ ನಾರುಗಟ್ಟಿ ದಪ್ಪಗಾಗುವುದು. ಕ್ಯಾನ್ಸರ್ ಅಲ್ಲ, ಅಂಟುವುದೂ ಇಲ್ಲ. ತಾಯಿಗಿದ್ದ ಸಂಧಿವಾತದ ಭಯಕ್ಕೂ ಉತ್ತರ ಸಿಕ್ಕಿತು. ಕೀಲಿನಲ್ಲಿ ಊತ, ನೋವು ಇರಲಿಲ್ಲ. ಕೆಲವರಿಗೆ ಇದು ಗೊತ್ತಾಗುವ ಕಾರಣವೇ ಇಲ್ಲದೆ, ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ, ಕೆಲವರಿಗೆ ಪದೇ ಪದೇ ಕಚ್ಚುವುದರಿಂದಲೂ ಬರುತ್ತದೆ. ಕುಯ್ದು ತೆಗೆದರೆ ಮತ್ತೆ ಬೆಳೆಯುವುದುಂಟು. ಹಾಗಾಗಿ ಚರ್ಮ ಮೆತ್ತಗಾಗಿಸುವ ಯೂರಿಯಾ ಮುಲಾಮು ಕೊಟ್ಟು, "ಕಚ್ಚೋದು ನಿಲ್ಲಿಸು" ಎಂದಿದ್ದರು.

ಹೌದು, ಕಚ್ಚುತ್ತಿದ್ದಳು. ಫಿಸಿಕ್ಸ್ ಲೆಕ್ಕ ಬಿಡಿಸಲಾಗದೆ ಕೂತಾಗ ಆ ಎರಡು ಗೆಣ್ಣುಗಳು ಹಲ್ಲಿನ ನಡುವೆ ಸೇರುತ್ತಿದ್ದವು. ಅಮ್ಮ ಗದರಿದಾಗಲೇ ಅವಳಿಗೆ ಅರಿವಾಗುವುದು. ಗದರಿಕೆಯಿಂದ ಕಳವಳ ಹೆಚ್ಚಿ ಮತ್ತೆ ಕಚ್ಚುವುದು.

ಆಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ವಿವರಿಸಿದ ಅಭ್ಯಾಸ ಬದಲಿಸುವ ವಿಧಾನವನ್ನು ಇಲ್ಲಿ ಬಳಸಿದೆ. "ನಿಲ್ಲಿಸಬೇಡ ಪುಟ್ಟಾ, ಮೊದಲು ಬರೀ ಗಮನಿಸು" ಎಂದೆ. ಯಾವ ಹೊತ್ತು, ಯಾವ ವಿಷಯ, ಕೈ ಮೇಲೇಳುವ ಮುನ್ನ ಏನನಿಸಿತು, ಎಲ್ಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಳು. ಭುಜ ಬಿಗಿಯುವುದೇ ಮುನ್ಸೂಚನೆ ಎಂದು ಅವಳೇ ಕಂಡುಕೊಂಡಳು. ಆಗ ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟು ಒಂದು ನಿಮಿಷ ಉಸಿರಾಟ ಗಮನಿಸುವುದನ್ನು ಅಭ್ಯಾಸ ಮಾಡಿಸಿದೆ. ಮುಷ್ಟಿಯಲ್ಲಿರುವ ಕೈ ಬಾಯಿಗೆ ಹೋಗದು.

ತಾಯಿಗೆ ಹೇಳಿದ್ದು: "'ಕೈ ತೆಗಿ' ಅನ್ನೋದನ್ನ ಸದ್ಯಕ್ಕೆ ಪೂರ್ತಿ ಬಿಡಿ. ಕಚ್ಚದೆ ಕೂತಿದ್ದಾಗ ಒಂದು ಒಳ್ಳೇ ಮಾತಾಡಿ. ಸುಣ್ಣ, ಬ್ಲೇಡು ಹತ್ತಿರ ತರಬೇಡಿ. ಗಂಟು ಬೇಗ ಬೆಳೆದರೆ, ನೋವು ಬಂದರೆ, ರಕ್ತ ಒಸರಿದರೆ, ಉಗುರಿನ ಬುಡದಲ್ಲಿ ಹೊಸದು ಕಂಡರೆ ಡಾಕ್ಟರಿಗೆ ತೋರಿಸಿ."

ಗೆಳತಿಯ ಪ್ರಶ್ನೆಗೆ ಉತ್ತರವನ್ನೂ ಹೇಳಿ ಹೇಳಿ ರೂಢಿ ಮಾಡಿಕೊಂಡೆವು: "ಅಂಟಲ್ಲ ಕಣೇ, ಚರ್ಮ ದಪ್ಪ ಆಗಿದೆ ಅಷ್ಟೇ."

ಉಬ್ಬು ಮೆತ್ತಗಾಗಿದೆ, ಪೂರ್ತಿ ಹೋಗಿಲ್ಲ. ಪರೀಕ್ಷೆ ಹತ್ತಿರವಾದಂತೆ ಅಭ್ಯಾಸ ಮರುಕಳಿಸಬಹುದೆಂದು ಮೊದಲೇ ಹೇಳಿದ್ದೇನೆ. ಮೇಘಾ ಈಗ ಲ್ಯಾಬಿಗೆ ಹೋಗುತ್ತಿದ್ದಾಳೆ.