ಹೀತ್‌ಕ್ಲಿಫ್ ಅರ್ಥವಾಗಬೇಕಾ? ಹ್ಯಾರ್ಟನ್‌ನನ್ನು ನೋಡಿ

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ನಮಗೆ ಪಠ್ಯ. ಹೀತ್‌ಕ್ಲಿಫ್ ಪಾತ್ರದ ಬೆಳವಣಿಗೆ ಬಗ್ಗೆ ಸೆಮಿನಾರ್ ಕೊಡಬೇಕು. ಆದರೆ ಅವನು ಸೇಡು ಹಿಡಿದವನು ಬಿಡುವುದೇ ಇಲ್ಲ. ಅವನು ಪ್ರೀತಿಸಿದ ಕ್ಯಾಥರೀನ್ ಸತ್ತ ಮೇಲಂತೂ ಕಥೆಯನ್ನು ಸುಮ್ನೆ ಎಳೆದ ಹಾಗಿದೆ. ಇದರಲ್ಲಿ ಬೆಳವಣಿಗೆ ಎಲ್ಲಿದೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಾಗೆ ಅನ್ನಿಸಿದ್ದು ನಿಮಗೊಬ್ಬರಿಗೇ ಅಲ್ಲ. 1939ರ ಹಾಲಿವುಡ್ ಸಿನಿಮಾ ಕೂಡ ಮುಂದಿನ ತಲೆಮಾರಿನ ಕಥೆಯನ್ನು ಪೂರ್ತಿ ಕೈಬಿಟ್ಟಿದೆ. ಆದರೆ ಲೆಕ್ಕ ನೋಡಿ. ಪುಸ್ತಕದಲ್ಲಿ 34 ಅಧ್ಯಾಯ, ಕ್ಯಾಥರೀನ್ ಸಾಯುವುದು 16ನೆಯದರಲ್ಲಿ. ಅರ್ಧಕ್ಕಿಂತ ಜಾಸ್ತಿ ಇನ್ನೂ ಬಾಕಿ ಇದೆ. ನೀವು ಹುಡುಕುತ್ತಿರುವುದು ಆ ಬಾಕಿ ಭಾಗದಲ್ಲೇ ಇದೆ. ಅದೂ ಹೀತ್‌ಕ್ಲಿಫ್‌ನಲ್ಲಿ ಕಡಿಮೆ, ಅವನ ಮನೆಯಲ್ಲೇ ಬೆಳೆದ ಹ್ಯಾರ್ಟನ್ ಅರ್ನ್‌ಶಾ ಎಂಬ ಹುಡುಗನಲ್ಲಿ ಜಾಸ್ತಿ.

ಮೊದಲು ಹೀತ್‌ಕ್ಲಿಫ್ ಹೇಗೆ ಹೀಗಾದ ಅಂತ ನೋಡೋಣ. ಹಿರಿಯ ಅರ್ನ್‌ಶಾ ಲಿವರ್‌ಪೂಲ್‌ನಿಂದ ನಡೆದುಕೊಂಡೇ ವಾಪಸ್ ಬರುವಾಗ ಒಂದು ಅನಾಥ ಮಗುವನ್ನು ಕೋಟಿನೊಳಗೆ ಸುತ್ತಿಕೊಂಡು ತರುತ್ತಾರೆ. ಮಗ ಹಿಂಡ್ಲಿಗೆ ತಂದ ಪಿಟೀಲು ಪುಡಿಯಾಗಿದೆ. ಮಗಳು ಕ್ಯಾಥರೀನ್‌ಗೆ ತಂದ ಚಾವಟಿ ದಾರಿಯಲ್ಲೇ ಕಳೆದುಹೋಗಿದೆ. ಹುಡುಗಿ ಸಿಟ್ಟಿಗೆ ಆ ಮಗುವಿನ ಮೇಲೆ ಉಗುಳುತ್ತಾಳೆ. ಕೊನೆಗೆ ಅದಕ್ಕೆ ಆ ಮನೆಯಲ್ಲಿ ಸತ್ತುಹೋಗಿದ್ದ ಇನ್ನೊಂದು ಗಂಡುಮಗುವಿನ ಹೆಸರಿಡುತ್ತಾರೆ. ಹೀತ್‌ಕ್ಲಿಫ್ ಅನ್ನುವ ಅದೊಂದೇ ಹೆಸರು, ಮನೆತನದ ಹೆಸರೂ ಅದೇ. ಅಪ್ಪ ಇರುವವರೆಗೆ ಅವನು ಮುದ್ದಿನ ಹುಡುಗ. ಅಪ್ಪ ಹೋದ ಮೇಲೆ ಯಜಮಾನನಾದ ಹಿಂಡ್ಲಿ ಅವನ ಪಾಠ ನಿಲ್ಲಿಸಿ, ಹೊಲದ ಕೆಲಸಕ್ಕೆ ಹಾಕಿ, ಆಳಿನ ಮಟ್ಟಕ್ಕೆ ಇಳಿಸುತ್ತಾನೆ. ಪಾಠ ನಿಲ್ಲಿಸಿದ್ದನ್ನು ಗುರುತು ಹಾಕಿಕೊಳ್ಳಿ. ಮುಂದೆ ಬೇಕಾಗುತ್ತದೆ.

9ನೇ ಅಧ್ಯಾಯದಲ್ಲಿ ಒಂದೇ ರಾತ್ರಿ ಎರಡು ಘಟನೆ ನಡೆಯುತ್ತವೆ. ಎಲ್ಲರಿಗೂ ನೆನಪಿರುವುದು ಎರಡನೆಯದು: ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ತನಗೆ ಅವಮಾನ ಅಂತ ಕ್ಯಾಥರೀನ್ ಹೇಳುವುದು, ಅಷ್ಟು ಮಾತ್ರ ಕೇಳಿಸಿಕೊಂಡು ಅವನು ಎದ್ದು ಹೋಗುವುದು. ನನಗೆ ಮುಖ್ಯ ಅನ್ನಿಸುವುದು ಮೊದಲನೆಯದು. ಕುಡಿದ ಹಿಂಡ್ಲಿ ತನ್ನ ಪುಟ್ಟ ಮಗ ಹ್ಯಾರ್ಟನ್‌ನನ್ನು ಮಹಡಿ ಮೆಟ್ಟಿಲ ಕಟಕಟೆ ಆಚೆ ಹಿಡಿದಿರುತ್ತಾನೆ. ಮಗು ಕೈಜಾರುತ್ತದೆ. ಅದೇ ಹೊತ್ತಿಗೆ ಕೆಳಗೆ ಬಂದ ಹೀತ್‌ಕ್ಲಿಫ್ ಯೋಚನೆಯನ್ನೇ ಮಾಡದೆ ಮಗುವನ್ನು ಹಿಡಿದುಬಿಡುತ್ತಾನೆ. ಬೀಳಿಸಿದವನು ಯಾರು ಅಂತ ತಲೆಯೆತ್ತಿ ನೋಡಿದ ಮೇಲೆ ಅವನ ಮುಖ ಕಪ್ಪಿಡುತ್ತದೆ. ತನ್ನ ಸೇಡನ್ನು ತಾನೇ ಕೈಯಾರೆ ತಪ್ಪಿಸಿದೆನಲ್ಲ ಎಂಬ ಸಂಕಟ. ಕೈ ಮೊದಲು ಮಗುವನ್ನು ಹಿಡಿಯಿತು, ದ್ವೇಷ ಆಮೇಲೆ ಬಂತು. ಅವನು ಹುಟ್ಟಾ ರಾಕ್ಷಸ ಅನ್ನುವವರಿಗೆ ಈ ಎರಡು ಕ್ಷಣ ತೋರಿಸಿದರೆ ಸಾಕು.

ಆ ರಾತ್ರಿ ಮಾಯವಾದವನು ಮೂರು ವರ್ಷ ಬಿಟ್ಟು ಹಣವಂತನಾಗಿ ಬರುತ್ತಾನೆ. ಜೂಜಿಗೆ ಬಿದ್ದ ಹಿಂಡ್ಲಿಯ ಆಸ್ತಿಯನ್ನೆಲ್ಲ ಅಡವು ಹಾಕಿಸಿಕೊಳ್ಳುತ್ತಾನೆ. ಹಿಂಡ್ಲಿಯ ಶವಸಂಸ್ಕಾರದ ದಿನ ಪುಟ್ಟ ಹ್ಯಾರ್ಟನ್‌ನನ್ನು ಮೇಜಿನ ಮೇಲೆ ನಿಲ್ಲಿಸಿ ಹೇಳುತ್ತಾನೆ: ಇನ್ನು ನೀನು ನನ್ನವನು. ಅದೇ ಗಾಳಿ ತಿರುಚಿದರೆ ಈ ಮರವೂ ಇನ್ನೊಂದರ ಹಾಗೇ ಸೊಟ್ಟ ಬೆಳೆಯುತ್ತದಾ ನೋಡೋಣ!

ಕಾದಂಬರಿಯ ದ್ವಿತೀಯಾರ್ಧ ಈ ಮಾತಿಗೆ ಉತ್ತರ. ಹಿಂಡ್ಲಿ ತನಗೆ ಮಾಡಿದ್ದನ್ನೇ ಹೀತ್‌ಕ್ಲಿಫ್ ಅವನ ಮಗನಿಗೆ ಮಾಡುತ್ತಾನೆ. ಅಕ್ಷರ ಕಲಿಸುವುದಿಲ್ಲ, ಒರಟನಾಗಿ ಬೆಳೆಸುತ್ತಾನೆ, ಅವನದೇ ಮನೆಯಲ್ಲಿ ಆಳಾಗಿಸುತ್ತಾನೆ. ಆ ಮನೆಯ ಮುಂಬಾಗಿಲ ಮೇಲೆ ‘1500’ ಎಂಬ ಇಸವಿ, ‘ಹ್ಯಾರ್ಟನ್ ಅರ್ನ್‌ಶಾ’ ಎಂಬ ಹೆಸರು ಕೆತ್ತಿದೆ. ಹೆಸರು ಇವನದೇ, ಓದಲು ಬರುವುದಿಲ್ಲ. ಕ್ಯಾಥರೀನಳ ಮಗಳು ಕ್ಯಾಥಿ ಒಮ್ಮೆ ಬಂದಾಗ, ಈಗ ಅದನ್ನು ಓದಬಲ್ಲೆ ಅಂತ ಹೆಮ್ಮೆಯಿಂದ ಅಕ್ಷರ ಕೂಡಿಸಿ ಓದಿ ತೋರಿಸುತ್ತಾನೆ. ಅಂಕಿಗಳು? ಅಂತ ಅವಳು ಕೇಳುತ್ತಾಳೆ. ಅವು ಇನ್ನೂ ಬರುವುದಿಲ್ಲ. ಅವಳು ಮನಸಾರೆ ನಗುತ್ತಾಳೆ.

ಇಲ್ಲಿ ಸೇಡಿಗೆ ಬೇಕಾದ್ದೆಲ್ಲ ಇದೆ ಅಲ್ವಾ? ಪ್ರೀತಿಸಿದ ಹುಡುಗಿಯಿಂದಲೇ ಅವಮಾನ, ಹೀತ್‌ಕ್ಲಿಫ್‌ಗೆ ಆದ ಹಾಗೇ. ಹ್ಯಾರ್ಟನ್‌ಗೆ ಸಿಟ್ಟು ಬರುತ್ತದೆ, ಒರಟಾಗಿ ಆಡುತ್ತಾನೆ, ಒಮ್ಮೆ ತನ್ನ ಪುಸ್ತಕಗಳನ್ನೇ ಬೆಂಕಿಗೆ ಎಸೆಯುತ್ತಾನೆ. ಆದರೆ 32ನೇ ಅಧ್ಯಾಯದಲ್ಲಿ ಕ್ಯಾಥಿ ಒಂದು ಪುಸ್ತಕವನ್ನು ಬಿಳಿ ಕಾಗದದಲ್ಲಿ ಸುತ್ತಿ ಕಳಿಸುತ್ತಾಳೆ. ತಗೊಂಡರೆ ಓದಲು ಕಲಿಸುತ್ತೇನೆ, ಬೇಡವೆಂದರೆ ಇನ್ನೆಂದೂ ಕೆಣಕುವುದಿಲ್ಲ ಅಂತ. ಅವನು ತಗೊಳ್ಳುತ್ತಾನೆ. ಮರ ಸೊಟ್ಟ ಬೆಳೆಯಲಿಲ್ಲ.

ಹೀತ್‌ಕ್ಲಿಫ್ ಬದಲಾಗುವುದೂ ಇದನ್ನು ನೋಡಿಯೇ. ಹ್ಯಾರ್ಟನ್‌ನಲ್ಲಿ ತನ್ನ ಹರೆಯವೇ ಎದ್ದು ಬಂದ ಹಾಗೆ ಕಾಣುತ್ತದೆ ಅನ್ನುತ್ತಾನೆ. ಅರ್ನ್‌ಶಾಗಳ ಮನೆ, ಕ್ಯಾಥರೀನಳ ಗಂಡನ ಮನೆ ಎರಡನ್ನೂ ಕೆಡವಲು ಎಲ್ಲ ಸಿದ್ಧವಾದ ಹೊತ್ತಿಗೆ ಮಾಡಿನಿಂದ ಒಂದು ಹಂಚು ಎತ್ತುವ ಮನಸ್ಸೂ ಉಳಿದಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಇದನ್ನು ಪಶ್ಚಾತ್ತಾಪ ಅಂತ ಬರೆದುಬಿಡಬೇಡಿ. ತಾನು ಅನ್ಯಾಯ ಮಾಡಿಲ್ಲ, ಪಶ್ಚಾತ್ತಾಪವೂ ಇಲ್ಲ ಅಂತ ಸಾಯುವ ಮೊದಲು ಅವನೇ ಹೇಳುತ್ತಾನೆ. ಅವನು ಒಳ್ಳೆಯವನಾಗಲಿಲ್ಲ, ಅವನ ಸೇಡು ಬತ್ತಿಹೋಯಿತು. ಅವನ ಹೆಣದ ಪಕ್ಕ ರಾತ್ರಿಯಿಡೀ ಕೂತು ಅತ್ತವನು ಹ್ಯಾರ್ಟನ್ ಒಬ್ಬನೇ.

ಪ್ರಶ್ನೆ: ಕಥೆ ಹೇಳುವ ಮನೆಗೆಲಸದ ನೆಲ್ಲಿ ಡೀನ್‌ಳ ಮಾತನ್ನು ಎಷ್ಟು ನಂಬಬಹುದು?
– ಓದುಗರು, ಶಿವಮೊಗ್ಗ

ಉತ್ತರ: ನಡೆದದ್ದರ ಮಟ್ಟಿಗೆ ನಂಬಿ, ತೀರ್ಪಿನ ಮಟ್ಟಿಗೆ ಸ್ವಲ್ಪ ತಡೆಯಿರಿ. ಲಿವರ್‌ಪೂಲ್‌ನ ಮಗು ಬಂದ ರಾತ್ರಿ, ಬೆಳಗಾಗುವುದರೊಳಗೆ ತೊಲಗಿದರೆ ಸಾಕು ಅಂತ ಅದನ್ನು ಮೆಟ್ಟಿಲ ಬಳಿ ಬಿಟ್ಟು ಹೋದವಳು ಇವಳೇ. ಕ್ಯಾಥರೀನ್ ಮಾತಾಡುವಾಗ ಹೀತ್‌ಕ್ಲಿಫ್ ಬೆಂಚಿನಿಂದ ಎದ್ದು ಹೋದದ್ದನ್ನು ನೋಡಿದವಳೂ ಇವಳೇ. ಆ ಗಳಿಗೆಯಲ್ಲೇ ಬಾಯಿ ಬಿಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಇದನ್ನೆಲ್ಲ ಅವಳೇ ನಮಗೆ ಹೇಳುತ್ತಾಳೆ, ಅದಕ್ಕೆ ನನಗೆ ಅವಳ ಮೇಲೆ ಕೋಪವೂ ಇದೆ, ಗೌರವವೂ ಇದೆ.

ಅವಳಿಂದ ಕಥೆ ಕೇಳಿ ಬರೆದುಕೊಳ್ಳುವ ಬಾಡಿಗೆದಾರ ಲಾಕ್‌ವುಡ್ ಬೇರೆಯೇ ಗಿರಾಕಿ. ಆ ಮನೆಯಲ್ಲಿ ಒಂದು ರಾಶಿ ಸತ್ತ ಮೊಲ ನೋಡಿ ಸಾಕಿದ ಬೆಕ್ಕು ಅಂದುಕೊಳ್ಳುತ್ತಾನೆ. ಅವನು ಪಾತ್ರಗಳ ಬಗ್ಗೆ ಏನಾದರೂ ಅಂದಾಗಲೆಲ್ಲ ಆ ಮೊಲಗಳನ್ನು ನೆನೆಸಿಕೊಳ್ಳಿ.

ಪ್ರಶ್ನೆ: ಪರೀಕ್ಷೆಯಲ್ಲಿ ‘ರೌಂಡ್’, ‘ಫ್ಲಾಟ್’ ಪಾತ್ರ ಅಂತ ಕೇಳಿದರೆ ಈ ಕಾದಂಬರಿಯಿಂದ ಯಾರ ಬಗ್ಗೆ ಬರೆಯಲಿ?
– ವಿದ್ಯಾರ್ಥಿ, ಮೈಸೂರು

ಉತ್ತರ: ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಬಳಕೆಗೆ ತಂದ ವಿಂಗಡಣೆ ಅದು: ಒಂದೇ ಗುಣದಲ್ಲಿ ನಿಂತುಬಿಡುವ ಪಾತ್ರ ಫ್ಲಾಟ್, ನಮ್ಮನ್ನು ಅಚ್ಚರಿಗೊಳಿಸಬಲ್ಲ ಪಾತ್ರ ರೌಂಡ್. ಫ್ಲಾಟ್ ಪಾತ್ರಕ್ಕೆ ಆಳು ಜೋಸೆಫ್ ಸುಲಭದ ಉದಾಹರಣೆ: ಬೈಬಲ್, ಬೈಗುಳ, ಗೊಣಗಾಟ, ಕೊನೆವರೆಗೂ ಅಷ್ಟೇ. ರೌಂಡ್‌ಗೆ ಎಲ್ಲರೂ ಹೀತ್‌ಕ್ಲಿಫ್ ಬರೆಯುತ್ತಾರೆ. ನೀವು ಹ್ಯಾರ್ಟನ್ ಬರೆಯಿರಿ, ಬಾಗಿಲ ಮೇಲಿನ ಹೆಸರಿನಿಂದ ಶುರು ಮಾಡಿ.